ಮೊದಲ ಪ್ರಶ್ನೆ ಯಾರಿಗೆ?

2021ರ ಡಿಸೆಂಬರ್ 16. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಿತ್ತು. ಮಳೆಯಿಂದಾದ ಹಾನಿಯ ಬಗ್ಗೆ ಮಾತಾಡಲು ನಮಗೂ ಸಮಯ ಕೊಡಿ ಎಂದು ಶಾಸಕರು ಒಬ್ಬರ ಮೇಲೊಬ್ಬರು ಏಳುತ್ತಿದ್ದರು. ಗದ್ದಲ ತಡೆಯಲಾಗದ ಸಭಾಧ್ಯಕ್ಷರು, ಇನ್ನು ಈ ಪರಿಸ್ಥಿತಿಯನ್ನೇ ಆನಂದಿಸುತ್ತಾ ಕೂರಬೇಕಷ್ಟೆ ಎಂಬರ್ಥದ ಮಾತನ್ನಾಡಿದರು. ಆಗ ಹಿರಿಯ ಶಾಸಕರೊಬ್ಬರು, ಹಿಂದೆ ಅದೇ ಪೀಠದಲ್ಲಿ ಕೂತಿದ್ದವರು, ಎದ್ದು ನಿಂತು, ಅತ್ಯಾಚಾರ ತಪ್ಪಿಸಿಕೊಳ್ಳಲಾಗದಿದ್ದರೆ ಮಲಗಿ ಸುಖಪಡಬೇಕು ಎಂಬೊಂದು ಹೇಳಿಕೆಯಿದೆಯಲ್ಲ, ನಿಮ್ಮ ಸ್ಥಿತಿಯೂ ಅದೇ ಎಂದರು. ಪೀಠದಲ್ಲಿದ್ದವರು ನಕ್ಕರು. ಮರುದಿನ ಶಾಸಕಿಯರು ಪ್ರತಿಭಟಿಸಿದರು, ಆ ಹಿರಿಯರು ಸದನದಲ್ಲೇ ಕ್ಷಮೆ ಕೇಳಿದರು, ಕಲಾಪ ಮುಂದುವರಿಯಿತು.

ಆ ವಾರ ಒಂದು ಕಡೆಯವರು ಇದೇ ನೋಡಿ ಅತ್ಯಾಚಾರ ಸಂಸ್ಕೃತಿ ಎಂದರು. ಇನ್ನೊಂದು ಕಡೆಯವರು, ಬಾಯಿತಪ್ಪಿ ಬಂದ ಒಂದು ಮಾತಿಗೆ ಇಡೀ ಸಮಾಜಕ್ಕೆ ಮಸಿ ಬಳಿಯುತ್ತೀರಾ ಎಂದರು. ನಾನು ವೃತ್ತಿಯಿಂದ ವಕೀಲೆ. ಇಂಥ ಪ್ರಕರಣಗಳಲ್ಲಿ ದೂರು ಕೊಟ್ಟವರ ಪರವಾಗಿ ಸರ್ಕಾರಿ ಅಭಿಯೋಜಕರಿಗೆ ನೆರವಾಗುವ ಕೆಲಸ ಮಾಡುತ್ತಾ ಬಂದಿದ್ದೇನೆ. ಅತ್ಯಾಚಾರ ಸಂಸ್ಕೃತಿ ಎಂಬುದು ಇದೆಯೇ, ಇದ್ದರೆ ಯಾವುದನ್ನು ಹಾಗೆನ್ನಬೇಕು, ಯಾವುದನ್ನು ಅನ್ನಬಾರದು ಎಂಬುದನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ. ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಸಿಕ್ಕಸಿಕ್ಕಲ್ಲೆಲ್ಲ ಆ ಮಾತನ್ನು ಎಸೆದರೆ ಅದರ ಹರಿತ ಹೋಗುತ್ತದೆ ಎಂಬ ಆತಂಕವೂ ನನಗಿದೆ.

ಈ ಮಾತು ಚಲಾವಣೆಗೆ ಬಂದದ್ದು 1970ರ ದಶಕದ ಅಮೆರಿಕದಲ್ಲಿ. ನ್ಯೂಯಾರ್ಕಿನ ಸ್ತ್ರೀವಾದಿಗಳ ಗುಂಪೊಂದು 1974ರಲ್ಲಿ ಹೊರತಂದ ಪುಸ್ತಕದಲ್ಲಿ ಅದು ಕಾಣಿಸಿತು. ಮರುವರ್ಷ ಮಾರ್ಗರೆಟ್ ಲಜಾರಸ್ ಮತ್ತು ರೆನರ್ ವುಂಡರ್ಲಿಕ್ ಅದೇ ಹೆಸರಿನ ಸಾಕ್ಷ್ಯಚಿತ್ರ ಮಾಡಿದರು. ಆ ಚಿತ್ರದಲ್ಲಿ ವರ್ಜೀನಿಯಾದ ಲಾರ್ಟನ್ ಜೈಲಿನ ಕೈದಿಗಳು ಮಾತಾಡುತ್ತಾರೆ. ಅತ್ಯಾಚಾರದ ವಿರುದ್ಧ ಜೈಲಿನೊಳಗೇ ಸಂಘ ಕಟ್ಟಿಕೊಂಡಿದ್ದ ಗಂಡಸರು ಅವರು. ಮುಂದೆ 1981ರಲ್ಲಿ ಪೆಗಿ ರೀವ್ಸ್ ಸ್ಯಾಂಡೆ ಎಂಬ ಮಾನವಶಾಸ್ತ್ರಜ್ಞೆ 95 ಬುಡಕಟ್ಟು ಸಮಾಜಗಳ ಬಗ್ಗೆ ದೊರೆತ ದಾಖಲೆಗಳನ್ನು ಹೋಲಿಸಿ ನೋಡಿದರು. ಸುಮಾರು ಅರ್ಧದಷ್ಟು ಸಮಾಜಗಳಲ್ಲಿ ಅತ್ಯಾಚಾರ ಇರಲೇ ಇಲ್ಲ ಅಥವಾ ತೀರಾ ಅಪರೂಪವಾಗಿತ್ತು. ಕಾದಾಟವನ್ನೇ ಗಂಡಸುತನವೆಂದು ಬಗೆದ, ಹೆಣ್ಣಿಗೆ ಊರ ತೀರ್ಮಾನಗಳಲ್ಲಿ ಪಾಲು ಕೊಡದ ಸಮಾಜಗಳಲ್ಲಿ ಅದು ಹೆಚ್ಚಿತ್ತು. ಅವರು ಬಳಸಿದ ದಾಖಲೆಗಳ ಬಗ್ಗೆ ವಿದ್ವಾಂಸರಲ್ಲಿ ತಕರಾರುಗಳಿವೆ, ಇರಲಿ. ಗಂಡಸಿನ ಸ್ವಭಾವವೇ ಹಾಗೆ, ಏನು ಮಾಡಲಿಕ್ಕಾಗುತ್ತದೆ ಎಂದು ಕೈಚೆಲ್ಲುವವರಿಗೆ ಆ ಅಧ್ಯಯನ ಇಂದಿಗೂ ಉತ್ತರವಾಗಿ ನಿಂತಿದೆ. ಸ್ವಭಾವವೇ ಆಗಿದ್ದರೆ ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಇರಬೇಕಿತ್ತು.

ಈ ಪದ ಬೇಡ ಎನ್ನುವವರಲ್ಲಿ ಹೆಣ್ಣಿನ ವಿರೋಧಿಗಳಷ್ಟೇ ಇದ್ದಾರೆಂದು ತಿಳಿಯಬೇಡಿ. ಅಮೆರಿಕದಲ್ಲಿ ಲೈಂಗಿಕ ಹಿಂಸೆಗೆ ತುತ್ತಾದವರಿಗಾಗಿ ಸಹಾಯವಾಣಿ ನಡೆಸುವ ದೊಡ್ಡ ಸಂಸ್ಥೆ ರೇನ್, 2014ರಲ್ಲಿ ಶ್ವೇತಭವನದ ಕಾರ್ಯಪಡೆಗೆ ಪತ್ರ ಬರೆದು ಈ ಮಾತಿನ ಅತಿಬಳಕೆಯನ್ನು ಆಕ್ಷೇಪಿಸಿತು. ಅತ್ಯಾಚಾರ ನಡೆಯುವುದು ಸಂಸ್ಕೃತಿಯಿಂದಲ್ಲ, ಸಮಾಜದ ಒಂದು ಸಣ್ಣ ಭಾಗದ ಜನ ಗೊತ್ತಿದ್ದೂ ತೆಗೆದುಕೊಳ್ಳುವ ತೀರ್ಮಾನದಿಂದ ಎಂಬುದು ಅದರ ವಾದ. ತಪ್ಪನ್ನು ಸಮಾಜದ ಮೇಲೆ ಹೊರಿಸಿದರೆ ತಪ್ಪು ಮಾಡಿದವನು ಜಾರಿಕೊಳ್ಳುತ್ತಾನೆ ಎಂಬ ಭಯ ಆ ಪತ್ರದ ಹಿಂದಿತ್ತು. ಆ ಭಯ ನನಗೆ ಅರ್ಥವಾಗುತ್ತದೆ. ನ್ಯಾಯಾಲಯದಲ್ಲಿ ಆರೋಪಿಯ ಪರ ವಾದಿಸುವವರು, ಸಿನಿಮಾ ನೋಡಿ ಕೆಟ್ಟ ಹುಡುಗ ಸ್ವಾಮಿ, ವಯಸ್ಸಿನ್ನೂ ಚಿಕ್ಕದು ಎಂದು ಶಿಕ್ಷೆ ಇಳಿಸಲು ಬೇಡುವುದನ್ನು ಕೇಳಿದವಳು ನಾನು.

ನಮ್ಮಲ್ಲಿ ಆಕ್ಷೇಪ ಬೇರೆ ರೂಪದಲ್ಲಿ ಬರುತ್ತದೆ. ಅತ್ಯಾಚಾರಿಯನ್ನು ನಡುಬೀದಿಯಲ್ಲಿ ನೇಣು ಹಾಕಿ ಎನ್ನುವ ಸಮಾಜ ಅತ್ಯಾಚಾರವನ್ನು ಒಪ್ಪುವ ಸಮಾಜ ಹೇಗಾದೀತು ಎಂದು ಕೇಳುತ್ತಾರೆ. 2012ರ ಡಿಸೆಂಬರ್‌ನಲ್ಲಿ ದೆಹಲಿಯ ಕೊರೆಯುವ ಚಳಿಯಲ್ಲಿ ಸಾಮೂಹಿಕ ಅತ್ಯಾಚಾರವೊಂದರ ವಿರುದ್ಧ ಎಷ್ಟು ಜನ ಬೀದಿಗಿಳಿದರು! 2019ರ ಡಿಸೆಂಬರ್ 6ರಂದು ಹೈದರಾಬಾದಿನ ಹೊರವಲಯದಲ್ಲಿ ಅತ್ಯಾಚಾರ ಮತ್ತು ಕೊಲೆ ಪ್ರಕರಣದ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಜನ ಆ ಪೊಲೀಸರ ಮೇಲೆ ಹೂವಿನ ಎಸಳು ಸುರಿದರು. ಅದು ಕೊಲ್ಲುವ ಉದ್ದೇಶದಿಂದಲೇ ಹಾರಿಸಿದ ಗುಂಡು ಎಂದು ಸುಪ್ರೀಂ ಕೋರ್ಟ್ ನೇಮಿಸಿದ್ದ ಸಿರ್ಪುರ್ಕರ್ ಆಯೋಗ ಆಮೇಲೆ ವರದಿ ಕೊಟ್ಟಿತು. ಆ ಹೊತ್ತಿಗೆ ಹೂ ಸುರಿದವರು ಆ ವಿಷಯವನ್ನೇ ಮರೆತಿದ್ದರು.

ಈ ಆಕ್ಷೇಪಕ್ಕೆ ಉತ್ತರ ಹುಡುಕುವಾಗಲೇ ನನಗೆ ವ್ಯಾಖ್ಯೆಯ ದಾರಿ ಕಂಡದ್ದು. ಅತ್ಯಾಚಾರ ಎಂಬ ಅಪರಾಧವನ್ನು ಖಂಡಿಸದವರು ಯಾರಿದ್ದಾರೆ? ಯಾರೂ ಇಲ್ಲ. ಮಾಡಿದವನು ಅಪರಿಚಿತ, ಬಡವ, ಕತ್ತಲಲ್ಲಿ ಹೊಂಚುಹಾಕಿದವನು. ಆಕೆ ಎಳೆಯ ಹುಡುಗಿ, ಕಡೆಯವರೆಗೂ ಹೋರಾಡಿ ಸತ್ತವಳು ಎಂದಾದರೆ ನಮ್ಮ ಸಿಟ್ಟಿಗೆ ಮೇರೆಯೇ ಇಲ್ಲ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2021ರಲ್ಲಿ ದಾಖಲಿಸಿದ 31,677 ಪ್ರಕರಣಗಳಲ್ಲಿ ನೂರಕ್ಕೆ ಸುಮಾರು 96ರಲ್ಲಿ ಆರೋಪಿ ಆಕೆಗೆ ಗೊತ್ತಿದ್ದವನೇ. ನೆಂಟ, ನೆರೆಮನೆಯವ, ಮೇಷ್ಟ್ರು, ಯಜಮಾನ, ಮದುವೆಯಾಗುತ್ತೇನೆಂದು ನಂಬಿಸಿದವ. ಆಕೆ ಬದುಕಿದ್ದಾಳೆ. ಆತ ನಾಲ್ಕು ಜನಕ್ಕೆ ಬೇಕಾದವನು. ಅಲ್ಲಿ ಮೇಣದಬತ್ತಿ ಹಚ್ಚುವವರಿಲ್ಲ. ಅಲ್ಲಿ ಕೇಳಿಬರುವುದು, ಅಷ್ಟೊತ್ತಿಗೆ ಅವಳಿಗೆ ಅಲ್ಲೇನು ಕೆಲಸ ಎಂಬ ಪ್ರಶ್ನೆ. ಇಷ್ಟು ದಿನ ಯಾಕೆ ಸುಮ್ಮನಿದ್ದಳು ಎಂಬ ಪ್ರಶ್ನೆ.

ಆದ್ದರಿಂದ ನನ್ನ ವ್ಯಾಖ್ಯೆ ಇದು. ಅತ್ಯಾಚಾರ ಸಂಸ್ಕೃತಿ ಎಂದರೆ, ಒಂದು ನಿರ್ದಿಷ್ಟ ಅತ್ಯಾಚಾರ ಹೊರಬಿದ್ದಾಗ ಮಾಡಿದವನು ಕೊಡಬೇಕಾದ ಉತ್ತರವನ್ನು ಅನುಭವಿಸಿದವರ ಬಾಯಿಂದ ಕೇಳುವ, ಹಾಗೆ ಕೇಳುತ್ತಲೇ ಅವನ ಹೊರೆ ಇಳಿಸುವ ರೂಢಿಗಳ ಒಟ್ಟು ಮೊತ್ತ. ಮನೆಯಲ್ಲಿ, ಪಂಚಾಯಿತಿ ಕಟ್ಟೆಯಲ್ಲಿ, ಠಾಣೆಯಲ್ಲಿ, ಆಸ್ಪತ್ರೆಯಲ್ಲಿ, ನ್ಯಾಯಾಲಯದಲ್ಲಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಈ ರೂಢಿ ಹೇಗೆ ನಡೆಯುತ್ತದೆಂದು ಕಣ್ಣಿಟ್ಟು ನೋಡಬಹುದು, ಬರೆದಿಡಬಹುದು, ಸುಳ್ಳಾದರೆ ಸುಳ್ಳೆಂದು ತೋರಿಸಲೂಬಹುದು. ಗಂಡಸರೆಲ್ಲ ಅತ್ಯಾಚಾರಿಗಳು ಎಂಬ ಆರೋಪ ಇದರಲ್ಲಿಲ್ಲ. ಮಾಡಿದವನ ತಪ್ಪಿನಲ್ಲಿ ಒಂದು ಗುಲಗಂಜಿಯಷ್ಟನ್ನೂ ಇದು ಬೇರೆಯವರಿಗೆ ಹಂಚುವುದಿಲ್ಲ. ರೇನ್ ಸಂಸ್ಥೆಯ ಆಕ್ಷೇಪಕ್ಕೂ ಇಲ್ಲಿ ಉತ್ತರವಿದೆ. ಮಾಡುವ ತೀರ್ಮಾನ ಅವನದೇ. ಮಾಡಿದ ಮೇಲೆ ಅವನಿಗೆ ಸಿಗುವ ರಕ್ಷಣೆ ನಮ್ಮದು.

ಸರಗಳ್ಳತನದ ಕೇಸನ್ನೇ ತೆಗೆದುಕೊಳ್ಳಿ. ಸರ ಕಳೆದುಕೊಂಡ ಹೆಂಗಸು ಕಟಕಟೆಗೆ ಬಂದರೆ, ಸರ ಎಷ್ಟು ಗ್ರಾಂ, ಬೈಕಿನ ಬಣ್ಣ ಯಾವುದು, ಆರೋಪಿಯನ್ನು ಗುರುತಿಸುತ್ತೀರಾ ಎಂದು ಕೇಳುತ್ತಾರೆ. ಯಾಕಮ್ಮ ಸರ ಹಾಕಿಕೊಂಡು ಹೊರಗೆ ಹೋದೆ ಎಂದು ಯಾರೂ ಕೇಳುವುದಿಲ್ಲ. ಹಿಂದೆ ಯಾರಿಗಾದರೂ ಸರ ಕೊಟ್ಟಿದ್ದೆಯಾ ಎಂದು ಕೇಳುವುದಂತೂ ಯಾರ ತಲೆಗೂ ಹೊಳೆಯುವುದಿಲ್ಲ.

ಅತ್ಯಾಚಾರದ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ, ಆದ್ದರಿಂದ ಅಲ್ಲಿ ಏನಾಗುತ್ತದೆಂದು ಜನಕ್ಕೆ ಗೊತ್ತಾಗುವುದಿಲ್ಲ. ಒಂದು ದಿನದ ಪಾಟೀಸವಾಲು ನನ್ನ ಕಿವಿಯಲ್ಲಿ ಈಗಲೂ ಇದೆ. ಕೂಲಿ ಮಾಡುವ ಹೆಣ್ಣುಮಗಳು, ಎರಡು ಮಕ್ಕಳ ತಾಯಿ. ಆರೋಪಿ ಆಕೆ ಕೆಲಸಕ್ಕೆ ಹೋಗುತ್ತಿದ್ದ ತೋಟದ ಮಾಲೀಕರ ಕಡೆಯವನು. ಬಳೆ ಎಷ್ಟು ಹಾಕಿದ್ದೆ ಎಂದು ಕೇಳಿದರು. ಕೈಗೆ ಆರಾರು ಎಂದಳು. ಗಾಜಿನವೋ ಪ್ಲಾಸ್ಟಿಕ್‌ನವೋ? ಗಾಜಿನವು. ಎಷ್ಟು ಒಡೆದವು? ಆಕೆ ಲೆಕ್ಕ ಹೇಳಲಾರದೆ ನಿಂತಳು. ಸ್ಥಳ ಮಹಜರಿನಲ್ಲಿ ಬಳೆ ಚೂರು ಸಿಕ್ಕಿಲ್ಲವಲ್ಲ, ಹಾಗಿದ್ದರೆ ನೀನು ಕೊಸರಾಡಲೇ ಇಲ್ಲ ಅಲ್ಲವೇ ಎಂದರು. ನಾಲಿಗೆ ಹೊರಳಲಿಲ್ಲ, ಕೈಕಾಲು ಮರಗಟ್ಟಿತು ಎಂದು ಆಕೆ ಹೇಳಿದ್ದು, ಬೆರಳಚ್ಚಾಗಿ ಬರುವಾಗ, ‘ನಾನು ಕಿರುಚಲಿಲ್ಲ ಎಂದರೆ ಸರಿ’ ಎಂಬ ಒಂದೇ ಸಾಲಾಯಿತು. ವಕೀಲರ ಪ್ರಶ್ನೆಗೆ ಸಾಕ್ಷಿ ಕೊಟ್ಟ ಉತ್ತರವನ್ನು ಸಾಕ್ಷಿಯ ಹೇಳಿಕೆಯಾಗಿಯೇ ಬರೆದುಕೊಳ್ಳುವುದು ನಮ್ಮ ನ್ಯಾಯಾಲಯಗಳ ವಾಡಿಕೆ. ಆಕೆ ಕಂಡ ಭಯ ಕಡತದಲ್ಲಿ ಎಲ್ಲಿಯೂ ಉಳಿಯಲಿಲ್ಲ.

ಪಾಟೀಸವಾಲೇ ಬೇಡ ಎಂದು ನಾನು ಹೇಳುತ್ತಿಲ್ಲ. ಆರೋಪಿಗೂ ಹಕ್ಕುಗಳಿವೆ, ಅಪರಾಧ ಸಾಬೀತಾಗುವವರೆಗೆ ಅವನು ನಿರಪರಾಧಿ, ಸುಳ್ಳು ದೂರುಗಳೂ ಬರುವುದುಂಟು. ಜಾಗ, ಸಮಯ, ವೈದ್ಯಕೀಯ ವರದಿ, ಫೋನಿನ ದಾಖಲೆ ಎಲ್ಲವನ್ನೂ ಜಾಲಾಡಲಿ. ಘಟನೆಯನ್ನು ಪರೀಕ್ಷಿಸುವ ಪ್ರಶ್ನೆಯೇ ಬೇರೆ, ಹೆಂಗಸನ್ನು ಪರೀಕ್ಷಿಸುವ ಪ್ರಶ್ನೆಯೇ ಬೇರೆ. ವರ್ಷಗಟ್ಟಲೆ ಈ ಕೆಲಸ ಮಾಡಿದ ಯಾವ ವಕೀಲರಿಗೂ ಇವೆರಡರ ನಡುವಿನ ಗೆರೆ ಎಲ್ಲಿದೆಯೆಂದು ಚೆನ್ನಾಗಿ ಗೊತ್ತು.

ಬಳೆಯ ಪ್ರಶ್ನೆಗೆ ದೊಡ್ಡ ಇತಿಹಾಸವಿದೆ. 1972ರ ಮಾರ್ಚ್ 26ರ ರಾತ್ರಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಕರ್ತವ್ಯದಲ್ಲಿದ್ದ ಇಬ್ಬರು ಪೊಲೀಸರು ಎರಗಿದರೆಂಬ ದೂರು ದಾಖಲಾಯಿತು. ಆಗ ಆಕೆಗೆ ಹದಿನಾಲ್ಕರಿಂದ ಹದಿನಾರರ ನಡುವಿನ ವಯಸ್ಸು. ಆಕೆಯ ಮನೆಯವರು ಠಾಣೆಯ ಹೊರಗೇ ಕಾಯುತ್ತಿದ್ದರು. ಆ ಪ್ರಕರಣವನ್ನು ಕಾನೂನು ಪುಸ್ತಕಗಳು ಇಂದಿಗೂ ಆಕೆಯ ಹೆಸರಿನಿಂದಲೇ ಕರೆಯುತ್ತವೆ, ನಾನು ಕರೆಯುವುದಿಲ್ಲ. ಸೆಷನ್ಸ್ ನ್ಯಾಯಾಲಯ ಆಕೆಗೆ ದೈಹಿಕ ಸಂಬಂಧ ಹೊಸತಲ್ಲ ಎಂದು ಆರೋಪಿಗಳನ್ನು ಬಿಟ್ಟಿತು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ, ಭಯದಿಂದ ಸುಮ್ಮನಾಗುವುದು ಒಪ್ಪಿಗೆಯಲ್ಲ ಎಂದು ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟ್, ಮೈಮೇಲೆ ಗಾಯವಿಲ್ಲ, ಕೂಗಿಕೊಂಡಿಲ್ಲ ಎಂದು ಮತ್ತೆ ಬಿಟ್ಟಿತು. ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ್ ಕೇಳ್ಕರ್, ವಸುಧಾ ಧಗಮ್ವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಅಲ್ಲಿಂದ ಹೊತ್ತಿಕೊಂಡ ಹೋರಾಟದ ಫಲ 1983ರ ತಿದ್ದುಪಡಿ. ಠಾಣೆ, ಜೈಲುಗಳಂಥ ಕಡೆ ಸುಪರ್ದಿನಲ್ಲಿದ್ದ ಹೆಂಗಸು ತಾನು ಒಪ್ಪಿರಲಿಲ್ಲ ಎಂದರೆ ನ್ಯಾಯಾಲಯ ಅದನ್ನು ನಂಬಿಯೇ ಮುಂದುವರಿಯಬೇಕು, ಒಪ್ಪಿಗೆ ಇತ್ತೆಂದು ತೋರಿಸುವ ಹೊಣೆ ಆರೋಪಿಯದು ಎಂದಾಯಿತು. ಹೆಸರು ಬಯಲು ಮಾಡುವುದೂ ಅಪರಾಧವಾಯಿತು.

ಜಾತಿ ಬೆರೆತಾಗ ಈ ರೂಢಿ ಇನ್ನೂ ಕ್ರೂರ. 1992ರಲ್ಲಿ ರಾಜಸ್ಥಾನದ ಭಟೇರಿ ಗ್ರಾಮದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಸರ್ಕಾರಿ ಯೋಜನೆಯ ಕಾರ್ಯಕರ್ತೆಯ ಮೇಲೆ ಊರಿನ ಪ್ರಬಲರು ಸಾಮೂಹಿಕ ಅತ್ಯಾಚಾರ ಮಾಡಿದರೆಂಬ ಪ್ರಕರಣದಲ್ಲಿ, 1995ರ ತೀರ್ಪು ಎಲ್ಲರನ್ನೂ ಆ ಆರೋಪದಿಂದ ಬಿಡುಗಡೆ ಮಾಡಿತು. ಮೇಲ್ಜಾತಿಯವರು ಕೆಳಜಾತಿಯ ಹೆಂಗಸನ್ನು ಮುಟ್ಟುವುದು ನಂಬುವಂಥದ್ದಲ್ಲ ಎಂಬ ಧಾಟಿಯ ತರ್ಕ ಅದರಲ್ಲಿತ್ತು. ನೀರು ಮುಟ್ಟಿದರೆ ಮೈಲಿಗೆ ಎನ್ನುವ ಊರುಗಳಲ್ಲೇ ಹೊಲಗದ್ದೆಗಳಲ್ಲಿ ಏನೇನು ನಡೆಯುತ್ತದೆಂದು ಹಳ್ಳಿಯಲ್ಲಿ ಬೆಳೆದ ಯಾರನ್ನು ಕೇಳಿದರೂ ಹೇಳುತ್ತಾರೆ. ಆಕೆಯ ಪ್ರಕರಣದ ಬೆನ್ನಿಗೇ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ವಿಶಾಖಾ ತೀರ್ಪು ಬಂತು. ಇಂದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಲೈಂಗಿಕ ಕಿರುಕುಳದ ದೂರು ಸಮಿತಿಗಳಿವೆಯೆಂದರೆ ಅದರ ಮೂಲ ಆ ಕುಂಬಾರ ಜಾತಿಯ ಹೆಣ್ಣುಮಗಳ ಹಠದಲ್ಲಿದೆ.

ಇದೆಲ್ಲ ಹಳೆಯ ಕಥೆ, ಉತ್ತರ ಭಾರತದ ಕಥೆ ಎನ್ನುತ್ತೀರೋ? 2020ರ ಜೂನ್‌ನಲ್ಲಿ ನಮ್ಮದೇ ಹೈಕೋರ್ಟಿನ ನಿರೀಕ್ಷಣಾ ಜಾಮೀನಿನ ಆದೇಶವೊಂದರಲ್ಲಿ, ಅತ್ಯಾಚಾರದ ನಂತರ ಸುಸ್ತಾಗಿ ನಿದ್ದೆ ಹೋದೆ ಎಂಬ ದೂರುದಾರಳ ಮಾತು ಭಾರತೀಯ ನಾರಿಗೆ ತಕ್ಕದ್ದಲ್ಲ, ನಮ್ಮ ಹೆಂಗಸರು ಹಾಗೆ ವರ್ತಿಸುವುದಿಲ್ಲ ಎಂದು ಬರೆಯಲಾಯಿತು. ದೇಶದಾದ್ಯಂತ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅದೇ ನ್ಯಾಯಮೂರ್ತಿಗಳು ಆ ಮಾತನ್ನು ಆದೇಶದಿಂದ ತೆಗೆದುಹಾಕಿದರು. ಜಾಮೀನು ಕೊಡುವುದು ಬಿಡುವುದು ನ್ಯಾಯಾಲಯದ ವಿವೇಚನೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ನೊಂದ ಹೆಣ್ಣು ಹೇಗಿರಬೇಕು ಎಂಬ ಒಂದು ಅಚ್ಚು ನಮ್ಮೊಳಗೆ ಎಲ್ಲಿಂದ ಬಂತು? ನಮ್ಮ ಹಳೆಯ ಸಿನಿಮಾಗಳನ್ನು ನೆನೆಸಿಕೊಳ್ಳಿ. ನಾಯಕನ ತಂಗಿಯ ಮೇಲೆ ಖಳ ಎರಗುತ್ತಾನೆ, ಮುಂದಿನ ದೃಶ್ಯದಲ್ಲಿ ತಂಗಿ ಬಾವಿಗೆ ಬೀಳುತ್ತಾಳೆ ಇಲ್ಲವೇ ಹಗ್ಗ ಹುಡುಕುತ್ತಾಳೆ. ಆಮೇಲಿನದು ಅಣ್ಣನ ಸೇಡಿನ ಕಥೆ. ಬೆಳಗ್ಗೆ ಎದ್ದು, ಮುಖ ತೊಳೆದು, ಕಾಫಿ ಕುಡಿದು, ಪೊಲೀಸರಿಗೆ ದೂರು ಕೊಡುವ ತಂಗಿಯನ್ನು ನಾವು ಎಷ್ಟು ಚಿತ್ರಗಳಲ್ಲಿ ನೋಡಿದ್ದೇವೆ? ಸಾಯದೆ ಉಳಿದವಳನ್ನು ಅನುಮಾನಿಸಲು ನಮಗೆ ಕಲಿಸಿದ್ದು ಆ ಕಥೆಗಳೂ ಹೌದು.

ಇನ್ನು ಹಾಸನ. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಮತದಾನಕ್ಕೆ ಕೆಲವೇ ದಿನ ಇದ್ದಾಗ, ಅಲ್ಲಿನ ಸಂಸದ ಪ್ರಜ್ವಲ್ ರೇವಣ್ಣ ಅವರದೆಂದು ಹೇಳಲಾದ ವಿಡಿಯೋಗಳು ಪೆನ್‌ಡ್ರೈವ್‌ಗಳಲ್ಲಿ ಜಿಲ್ಲೆಯ ತುಂಬಾ ಹರಿದಾಡಿದವು. ಮುಂದೆ ವಿಚಾರಣೆ ನಡೆದು, ಮನೆಗೆಲಸದ ಮಹಿಳೆಯೊಬ್ಬರ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಕಾನೂನು ತನ್ನ ಕೆಲಸ ಮಾಡಿತು, ಅದನ್ನು ಮೆಚ್ಚಿಯೇ ಮೆಚ್ಚುತ್ತೇನೆ. ಆದರೆ ಆ ಏಪ್ರಿಲ್‌ನಲ್ಲಿ ಏನಾಯಿತು? ಹೆಂಗಸರ ಮುಖಗಳನ್ನು ಮರೆಮಾಡದೆಯೇ ಆ ದೃಶ್ಯಗಳನ್ನು ಹಂಚಲಾಯಿತು. ಹಂಚಿದವರಿಗೆ ಅದು ಚುನಾವಣೆಯ ಸರಕು. ಪಡೆದವರು ನೋಡಿದರು, ಮುಂದಕ್ಕೆ ಕಳಿಸಿದರು, ಇವಳು ಯಾರ ಮನೆಯವಳು ಎಂದು ಗುರುತು ಹಿಡಿಯಲು ಕೂತರು. ಮಹಿಳೆಯರು ಊರು ಬಿಟ್ಟು ಹೋಗಬೇಕಾಯಿತು. ಪರದೆಯ ಮೇಲಿನ ಗಂಡಸಿನ ಮೇಲೆ ಸಿಟ್ಟಿದ್ದವರೂ ಆ ಹೆಂಗಸರ ಮುಖ ನೋಡುವುದನ್ನು ಬಿಡಲಿಲ್ಲ. ಅತ್ಯಾಚಾರ ಸಂಸ್ಕೃತಿಗೆ ಉದಾಹರಣೆ ಕೊಡಿ ಎಂದು ಯಾರಾದರೂ ಕೇಳಿದರೆ ನಾನು ಆ ಸಂಸದರನ್ನು ತೋರಿಸುವುದಿಲ್ಲ, ಅವರು ಅಪರಾಧಕ್ಕೆ ಉದಾಹರಣೆ. ಮುಂದಕ್ಕೆ ಕಳಿಸಿದ ಬೆರಳುಗಳನ್ನು ತೋರಿಸುತ್ತೇನೆ.

ಬೆಳಗಾವಿಯ ಆ ಮಾತನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಒಂದು ಕೆಟ್ಟ ಹಾಸ್ಯವನ್ನು ಅತ್ಯಾಚಾರಕ್ಕೆ ಸಮ ಎನ್ನುವುದು ಅತ್ಯಾಚಾರ ಅನುಭವಿಸಿದವರಿಗೆ ಮಾಡುವ ಅನ್ಯಾಯ. ಸಿನಿಮಾದ ಹಾಡು, ಬಸ್ಸಿನ ದುರುಗುಟ್ಟುವ ನೋಟ, ಠಾಣೆಯೊಳಗಿನ ದಾಳಿ ಎಲ್ಲಕ್ಕೂ ಒಂದೇ ಹೆಸರಿಡುವವರ ಜತೆ ನಾನು ನಿಲ್ಲುವುದಿಲ್ಲ. ಆದರೆ ಕಾನೂನು ಮಾಡುವ ಮನೆಯಲ್ಲಿ, ಒಪ್ಪಿಗೆ ಎಂದರೇನೆಂದು ತೀರ್ಮಾನಿಸುವ ಜನರ ನಡುವೆ, ಪೀಠದಿಂದ ಬಂದ ನಗು ಸಣ್ಣದಲ್ಲ. ತಪ್ಪಿಸಿಕೊಳ್ಳಲಾಗದವಳು ಸುಖಪಟ್ಟಳು ಎಂಬ ಮಾತೂ, ಬಳೆ ಒಡೆಯದವಳು ಒಪ್ಪಿದಳು ಎಂಬ ವಾದವೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು.

ಈ ರೂಢಿ ಬದಲಾಗುವಂಥದ್ದು ಎಂಬುದಕ್ಕೆ ಕಾನೂನಿನ ಪುಸ್ತಕವೇ ಸಾಕ್ಷಿ. ದೂರು ಕೊಟ್ಟವಳ ನಡತೆ ಸರಿಯಿಲ್ಲವೆಂದು ತೋರಿಸಿ ಅವಳ ಮಾತನ್ನು ತಳ್ಳಿಹಾಕಲು ಸಾಕ್ಷ್ಯ ಅಧಿನಿಯಮದಲ್ಲಿ ಒಂದು ಉಪಕಲಮೇ ಇತ್ತು. ಬ್ರಿಟಿಷರ ಕಾಲದಿಂದ ಬಂದ ಅದನ್ನು ತೆಗೆದದ್ದು 2003ರ ಹೊಸ್ತಿಲಲ್ಲಿ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಯ ವರದಿಯ ನಂತರ, 2013ರಲ್ಲಿ, ಒಪ್ಪಿಗೆ ಎಂದರೆ ಸ್ವಇಚ್ಛೆಯಿಂದ, ಅನುಮಾನಕ್ಕೆಡೆಯಿಲ್ಲದಂತೆ ತಿಳಿಸಿದ ಸಮ್ಮತಿ ಎಂದೂ, ಮೈಯಿಂದ ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳೆನ್ನಬಾರದೆಂದೂ ಕಾನೂನಿನಲ್ಲೇ ಬರೆಯಲಾಯಿತು. ಬಳೆಯ ಪ್ರಶ್ನೆ ಸೋತದ್ದು ಆಗ. ವೈದ್ಯರು ಮಾಡುತ್ತಿದ್ದ ಎರಡು ಬೆರಳಿನ ಪರೀಕ್ಷೆ ಘನತೆಗೆ ಕುಂದು ಎಂದು ಅದೇ ವರ್ಷ ಸುಪ್ರೀಂ ಕೋರ್ಟ್ ಹೇಳಿತು. 2022ರಲ್ಲಿ ಮತ್ತೊಮ್ಮೆ ಹೇಳಬೇಕಾಯಿತು, ಏಕೆಂದರೆ ಪರೀಕ್ಷೆ ನಿಂತಿರಲಿಲ್ಲ. ಕಾನೂನು ಬದಲಾಗಿ ರೂಢಿ ಉಳಿದುಕೊಳ್ಳುವ ಈ ನಡುವಿನ ಅಂತರವೇ ನಾನು ಹೇಳುತ್ತಿರುವ ಸಂಸ್ಕೃತಿ ಎಷ್ಟು ಗಟ್ಟಿಯಾಗಿದೆಯೆಂದು ತೋರಿಸುತ್ತದೆ. ಅನುಭವಿಸಿದವನು ಗಂಡಸಾದರೆ ಆ ಅಂತರ ಮುಚ್ಚುವ ಕಾನೂನೂ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಗಂಡಸಿನ ಮೇಲಿನ ಲೈಂಗಿಕ ದಾಳಿಗೆ ಅನ್ವಯಿಸುತ್ತಿದ್ದ ಹಳೆಯ ಕಾನೂನಿನ 377ನೇ ಕಲಮಿನ ಜಾಗ ಖಾಲಿಯಾಗಿದೆ. ವಯಸ್ಕ ಗಂಡಸಿನ ಮೇಲಿನ ಅತ್ಯಾಚಾರಕ್ಕೆ ಆ ಹೆಸರೇ ಇಲ್ಲ.

ಕಾನೂನೂ ರೂಢಿಯೂ ಇಂದಿಗೂ ಕೈಕೈ ಹಿಡಿದಿರುವುದು ಮದುವೆಯಲ್ಲಿ. ಸಂಹಿತೆಯ 63ನೇ ಕಲಮಿನ ಎರಡನೇ ಅಪವಾದದ ಪ್ರಕಾರ, ಹೆಂಡತಿಗೆ ಹದಿನೆಂಟು ತುಂಬಿದ್ದರೆ ಗಂಡ ಮಾಡಿದ್ದು ಅತ್ಯಾಚಾರವಲ್ಲ. ಹಳೆಯ ಕಾನೂನಿನಲ್ಲೂ ಇದ್ದ ಈ ಅಪವಾದವನ್ನು ತೆಗೆಯಿರಿ ಎಂದು ವರ್ಮಾ ಸಮಿತಿ ಹೇಳಿತ್ತು, ತೆಗೆಯಲಿಲ್ಲ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ಗಂಡನಾದರೂ ಅತ್ಯಾಚಾರ ಅತ್ಯಾಚಾರವೇ ಎಂದು ಹೇಳಿ, ಒಬ್ಬ ಗಂಡನ ಮೇಲಿನ ಆರೋಪವನ್ನು ರದ್ದುಪಡಿಸಲು ಒಪ್ಪಲಿಲ್ಲ. ಆ ವಿಚಾರಣೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ, ಮದುವೆಯೊಳಗಿನ ಕೃತ್ಯವನ್ನು ಅತ್ಯಾಚಾರವೆನ್ನುವುದು ಅತಿ ಕಠಿಣವಾಗುತ್ತದೆ ಎಂದು ಪ್ರಮಾಣಪತ್ರ ಸಲ್ಲಿಸಿತು.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಕರ್ನಾಟಕದ ಮನೆಮನೆಗೆ ಬಂದು ಒಂದು ಪ್ರಶ್ನೆ ಕೇಳಿದ್ದರು. ಹೇಳದೆ ಹೊರಗೆ ಹೋದದ್ದಕ್ಕೆ, ಅಡುಗೆ ಕೆಟ್ಟದ್ದಕ್ಕೆ, ಅತ್ತೆಮಾವಂದಿರಿಗೆ ಗೌರವ ಕೊಡದ್ದಕ್ಕೆ, ಹಾಸಿಗೆಯಲ್ಲಿ ಬೇಡ ಎಂದದ್ದಕ್ಕೆ, ಹೀಗೆ ಏಳು ಕಾರಣ ಓದಿ, ಇವುಗಳಲ್ಲಿ ಯಾವುದಕ್ಕಾದರೂ ಗಂಡ ಹೆಂಡತಿಗೆ ಹೊಡೆಯುವುದು ಸರಿಯೇ ಎಂದು. ನೂರರಲ್ಲಿ ಸುಮಾರು 77 ಹೆಂಗಸರು, 82 ಗಂಡಸರು ಯಾವುದಾದರೂ ಒಂದಕ್ಕೆ ಹೌದೆಂದರು. ಹೌದೆಂದ ಆ ಹೆಂಗಸರಲ್ಲೇ ಕೆಲವರು ನಾಳೆ ನಮ್ಮ ಕಚೇರಿಯ ಬೆಂಚಿನ ಮೇಲೆ ಬಂದು ಕೂರುತ್ತಾರೆ. ಆಗಿದ್ದನ್ನು ಹೇಳುವ ಮೊದಲು, ನಂದೇ ಏನೋ ತಪ್ಪಿರಬೇಕು ಮೇಡಂ ಎಂದೇ ಮಾತು ಶುರುಮಾಡುತ್ತಾರೆ. ಏನಾಯಿತಮ್ಮ, ಯಾರು ಮಾಡಿದರು ಎಂದು ಅವರನ್ನು ಕೇಳುವುದು ನಮ್ಮ ಕೆಲಸ. ಅದಕ್ಕೂ ಮೊದಲು ಅವರನ್ನು ಎಷ್ಟು ಜನ ಎಷ್ಟು ಪ್ರಶ್ನೆ ಕೇಳಿರುತ್ತಾರೆಂಬುದು ಆ ಮೊದಲ ವಾಕ್ಯದಲ್ಲೇ ಗೊತ್ತಾಗುತ್ತದೆ.